ಗಲ್ಲಾ ತುಂಬುವುದು ಕಥೆಯಿಂದ
(ಗಿರಣಿ ಕಾರ್ಮಿಕರ ಸಂಘದ ಸಹಾಯಾರ್ಥ ನಾಟಕದ ವಿಚಾರವಾಗಿ ಕರೆದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಸಂಘದ ವೈದ್ಯಕೀಯ ಸಹಾಯ ನಿಧಿಗೆ ಹಣ ಕೂಡಿಸುವುದಕ್ಕಾಗಿ ಈ ವರ್ಷ ಒಂದು ನಾಟಕ ಆಡಬೇಕೆಂದು ತಾವು ಯೋಚಿಸಿದ್ದೀರಿ. ಒಳ್ಳೆಯ ಯೋಚನೆ. ಬೇನೆ ಬಿದ್ದ ದುಡಿಮೆಗಾರನಿಗೆ ಆಸ್ಪತ್ರೆಯ ಖರ್ಚು ಒದಗಿಸುವ ನಿಧಿ ಅದು. ಆದುದರಿಂದ ಈ ನಾಟಕ ಬರಿಯ ಮೋಜಿನ ಮಾತಲ್ಲ. ಟಿಕೀಟು ಮಾರಾಟವಾಗದಿದ್ದರೆ ನಿಧಿ ಬರಿದಾಗಿಯೇ ಉಳಿಯುತ್ತದೆ. ಖರ್ಚು ಮೈಮೇಲೆ ಬಂದರೆ ಇದ್ದ ನಿಧಿಯೂ ಕರಗುತ್ತದೆ.

ಕಾರ್ಯದರ್ಶಿಗಳು ಖರ್ಚಿನ ಅಂದಾಜು ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿ ಸೀನರಿಯ ಬಾಡಿಗೆ ಇದೆ, ಬೆಳಕು, ಧ್ವನಿವರ್ಧಕ, ಡ್ರೆಸ್ಸು, ಹೊರಗಿನಿಂದ ಕರೆಸುವ ನಟಿಯರ ಸಂಭಾವನೆ, ಹಾರ್ಮೋನಿಯಂ, ತಬಲಾ, ಕರಪತ್ರ, ಬ್ಯಾನರು ಎಲ್ಲವೂ ಇವೆ. ಎಲ್ಲಕ್ಕಿಂತ ಕೆಳಗೆ, ಕಟ್ಟಕಡೆಯ ಸಾಲಿನಲ್ಲಿ, 'ನಾಟಕದ ಪುಸ್ತಕ' ಎಂದು ಬರೆದಿದೆ. ಅದರ ಮುಂದಿರುವ ಮೊತ್ತ ಚಹಾದ ಖರ್ಚಿಗಿಂತ ಕಡಿಮೆ. ಯಾವ ಕಥೆ ಆಡಬೇಕು, ಅದನ್ನು ಯಾರು ಬರೆಯಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲವಂತೆ. ಈ ಪಟ್ಟಿ ತಲೆಕೆಳಗಾಗಿದೆ ಎಂದು ಹೇಳುವುದಕ್ಕಾಗಿಯೇ ನಾನು ಇಂದು ತಮ್ಮ ಮುಂದೆ ನಿಂತಿದ್ದೇನೆ. ನನ್ನ ಮಾತನ್ನು ಸುಮ್ಮನೆ ಒಪ್ಪಬೇಡಿ. ನಾಟಕ, ಸಿನಿಮಾಗಳ ಇತಿಹಾಸದಿಂದಲೇ ಒಂದೊಂದಾಗಿ ಪುರಾವೆ ಕೊಡುತ್ತೇನೆ, ಅಳೆದು ನೋಡಿ.

ಮೊದಲು ವರ್ತಕ ಮಿತ್ರರಿಗೆ ಒಂದು ಪ್ರಶ್ನೆ. ಹೊಸ ಅಂಗಡಿ ತೆರೆದ ದಿನ ಗಿರಾಕಿಗಳು ಬರುವುದು ಏತರಿಂದ? ಬೋರ್ಡಿನಿಂದ, ದೀಪದ ಸರದಿಂದ, ಪೂಜೆಯ ಪ್ರಸಾದದಿಂದ. ಮರುವಾರ ಅದೇ ಗಿರಾಕಿ ಮತ್ತೆ ಬರುವುದು ಏತರಿಂದ? ಸರಕಿನಿಂದ. ಅವನು ಬರುವಾಗ ನೆರೆಮನೆಯವನನ್ನೂ ಕರೆತಂದರೆ ಅದಕ್ಕೂ ಸರಕೇ ಕಾರಣ. ಬೋರ್ಡು ನೋಡಿ ಬಂದವನು ಒಂದು ದಿನದ ಗಿರಾಕಿ, ಸರಕು ನೋಡಿ ಬಂದವನು ವರ್ಷದ ಗಿರಾಕಿ. ಮನರಂಜನೆಯ ವ್ಯಾಪಾರವೂ ಹೀಗೆಯೇ. ಹೆಸರಾಂತ ನಟ, ಅಬ್ಬರದ ಪ್ರಚಾರ, ಥಳಕಿನ ಪರದೆ, ಇವು ಬೋರ್ಡು. ಕಥೆಯೇ ಸರಕು.

ಇಲ್ಲಿ ಒಂದು ವ್ಯತ್ಯಾಸವನ್ನೂ ಮರೆಯಬಾರದು. ಅಕ್ಕಿ ಕೊಳ್ಳುವವನು ನಾಲ್ಕು ಕಾಳು ಬಾಯಿಗೆ ಹಾಕಿ ನೋಡಬಹುದು, ಬಟ್ಟೆ ಕೊಳ್ಳುವವನು ಎಳೆದು ನೋಡಬಹುದು. ನಾಟಕದ ಟಿಕೀಟು ಕೊಳ್ಳುವವನು ಮಾತ್ರ ಸರಕನ್ನು ಕಾಣದೆಯೇ ದುಡ್ಡು ಕೊಡುತ್ತಾನೆ. ಗಿರಣಿಯ ದುಡಿಮೆಗಾರನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಆಟಕ್ಕೆ ಹೊರಟರೆ ಒಂದು ಪಾಳಿಯ ಕೂಲಿ ಅಲ್ಲಿಗೆ ಮುಗಿಯಿತು. ಹೀಗಿರುವಾಗ ಅವನು ನಂಬುವುದು ಯಾರನ್ನು? ಗೋಡೆಯ ಮೇಲಿನ ಪೋಸ್ಟರನ್ನಲ್ಲ. ನಿನ್ನೆ ನೋಡಿ ಬಂದ ಜೊತೆಯವನನ್ನು ನಂಬುತ್ತಾನೆ. 'ಹೇಗಿತ್ತಪ್ಪಾ?' ಎಂದು ಕೇಳುತ್ತಾನೆ. ಆ ಜೊತೆಯವನು ಚಹಾದ ಅಂಗಡಿಯಲ್ಲಿ ನಿಂತು ಹೇಳುವುದು ಕಥೆಯನ್ನೇ. ಸೀನರಿಯನ್ನು ಬಾಯಿಮಾತಿನಲ್ಲಿ ಹೇಳಲು ಬರುವುದಿಲ್ಲ, ಬೆಳಕನ್ನೂ ಹೇಳಲು ಬರುವುದಿಲ್ಲ. 'ಆ ಗಂಡಸು ಹೀಗೆ ಮಾಡಿದ, ಆ ಹೆಂಗಸು ಹೀಗೆ ತಿರುಗಿ ನಿಂತಳು' ಎಂದು ಹೇಳಲು ಬರುತ್ತದೆ. ಹೇಳಲು ಬರುವ ಕಥೆಯುಳ್ಳ ಆಟಕ್ಕೆ ನೋಡಿದವರೇ ಸಂಬಳವಿಲ್ಲದ ಪ್ರಚಾರಕರಾಗುತ್ತಾರೆ. ಕಥೆಯ ಕಸುಬಿಗೂ ಗಲ್ಲಾಕ್ಕೂ ಇರುವ ಸಂಬಂಧ ಇದು. ಇದರಲ್ಲಿ ಗೂಢವೇನೂ ಇಲ್ಲ.

ಬಾದಾಮಿ ತಾಲ್ಲೂಕಿನ ಬನಶಂಕರಿ ಜಾತ್ರೆಗೆ ತಮ್ಮಲ್ಲಿ ಎಷ್ಟೋ ಮಂದಿ ಹೋಗಿದ್ದೀರಿ. ಬನದ ಹುಣ್ಣಿಮೆಯ ಆ ಜಾತ್ರೆಯಲ್ಲಿ ನಾಟಕ ಕಂಪನಿಗಳು ಒಂದರ ಪಕ್ಕ ಒಂದು ಬಿಡಾರ ಹೂಡುತ್ತವೆ. ಎಲ್ಲ ಕಂಪನಿಗಳಲ್ಲೂ ದೀಪವಿದೆ, ಧ್ವನಿವರ್ಧಕವಿದೆ, ಹಾಡಿದೆ, ಹಾಸ್ಯವಿದೆ. ಜಾತ್ರೆಗೆ ಬಂದ ರೈತನು ಯಾವ ಬಾಗಿಲಿಗೆ ಹೋಗಬೇಕು? ಮೊದಲ ರಾತ್ರಿ ಯಾವ ಬಾಗಿಲಿಗಾದರೂ ಹೋದಾನು. ಆದರೆ ಮೂರನೆಯ ರಾತ್ರಿಯ ಹೊತ್ತಿಗೆ ಇಂಥ ಕಂಪನಿಯ ಆಟ ನೋಡಬೇಕು ಎಂಬ ಮಾತು ಬಳೆಯ ಅಂಗಡಿಯಿಂದ ಮಿಠಾಯಿ ಅಂಗಡಿಯವರೆಗೆ ಹಬ್ಬಿರುತ್ತದೆ. ಪಕ್ಕಪಕ್ಕದಲ್ಲೇ ಒಂದು ಬಿಡಾರ ತುಂಬಿ ಇನ್ನೊಂದು ಬರಿದಾಗುವುದನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಈಗ ಎದುರುವಾದವನ್ನು ತೆಗೆದುಕೊಳ್ಳೋಣ. 'ಗುಬ್ಬಿ ಕಂಪನಿಯವರು ರಂಗದ ಮೇಲೆ ಆನೆ, ಕುದುರೆಗಳನ್ನೇ ತಂದರಲ್ಲ! ಜನ ಅದನ್ನು ನೋಡುವುದಕ್ಕಲ್ಲವೇ ಮುಗಿಬಿದ್ದದ್ದು?' ಎಂದು ಕೇಳುವವರುಂಟು. ನಿಜ. 1930ರ ದಶಕದಲ್ಲಿ ಗುಬ್ಬಿ ವೀರಣ್ಣನವರು ಆಡಿಸಿದ 'ಕುರುಕ್ಷೇತ್ರ' ನಾಟಕದ ವೈಭವ ಹಾಗಿತ್ತು. ಆದರೆ ಆ ಕಂಪನಿ ಹುಟ್ಟಿದ್ದು 1884ರಲ್ಲಿ. ಆನೆ ರಂಗಕ್ಕೆ ಬರುವುದಕ್ಕೆ ಮುಂಚೆ ಹತ್ತಿರ ಹತ್ತಿರ ಐವತ್ತು ವರ್ಷ ಅದು ಜನರನ್ನು ಹಿಡಿದು ನಿಲ್ಲಿಸಿತ್ತಲ್ಲ, ಏತರಿಂದ? 'ಸದಾರಮೆ'ಯಂಥ ನಾಟಕಗಳಿಂದ. ಅದರಲ್ಲಿ ವೀರಣ್ಣನವರ ಕಳ್ಳನ ಪಾತ್ರವನ್ನು ನೋಡಲು ಜನ ಮತ್ತೆ ಮತ್ತೆ ಬಂದರು. ಆನೆಯ ಮೈಸಿರಿಯನ್ನು ಒಮ್ಮೆ ನೋಡಿದರೆ ಸಾಕು. ಕಳ್ಳನ ಜಾಣತನ ಎಷ್ಟು ಸಲ ನೋಡಿದರೂ ಬೇಸರ ತರುವುದಿಲ್ಲ. ಕುರುಕ್ಷೇತ್ರದ ಆನೆಯ ಬೆನ್ನ ಹಿಂದೆಯೂ ಒಂದು ಮಹಾಕಥೆ ಇತ್ತೆಂಬುದನ್ನು ಮರೆಯಬೇಡಿ. ಅಣ್ಣತಮ್ಮಂದಿರ ಆಸ್ತಿಯ ಜಗಳಕ್ಕಿಂತ ನಮ್ಮ ಜನಕ್ಕೆ ಹತ್ತಿರವಾದ ಕಥೆ ಯಾವುದಿದೆ?

ಕಂಪನಿಯ ಯಜಮಾನರು ಈ ಗುಟ್ಟನ್ನು ಬಲ್ಲವರಾಗಿದ್ದರು. ಆದುದರಿಂದಲೇ ಅವರು ನಾಟಕ ಬರೆಯುವವರನ್ನು ಹತ್ತಿರ ಇಟ್ಟುಕೊಂಡರು. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಗುಬ್ಬಿ ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟವರು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತಯಾರಾದಾಗ ಅದಕ್ಕೆ ಮಾತು, ಹಾಡು ಬರೆಯಲು ಕರೆದದ್ದೂ ಅವರನ್ನೇ. ಹೊಸ ಯಂತ್ರ ಬಂದಿತ್ತು, ಪರದೆ ಮಾತಾಡತೊಡಗಿತ್ತು. ಆದರೂ ಅದಕ್ಕೆ ಮಾತು ಕೊಡಲು ಹಳೆಯ ನಾಟಕಕಾರನೇ ಬೇಕಾಯಿತು. 1954ರಲ್ಲಿ ಮುತ್ತುರಾಜ್ ಎಂಬ ರಂಗನಟ ರಾಜಕುಮಾರ್ ಎಂಬ ಹೆಸರಿನಿಂದ ನಾಯಕನಾಗಿ ತೆರೆಗೆ ಬಂದ 'ಬೇಡರ ಕಣ್ಣಪ್ಪ'ವೂ ರಂಗದ ಮೇಲೆ ಗೆದ್ದ ಕಥೆಯೇ. 1974ರಲ್ಲಿ ಬಂದ 'ಸಂಪತ್ತಿಗೆ ಸವಾಲ್' ಹುನಗುಂದ ಸೀಮೆಯ ಪಿ. ಬಿ. ಧುತ್ತರಗಿಯವರ ನಾಟಕದಿಂದ ಬಂದದ್ದು. ಹಳ್ಳಿಹಳ್ಳಿಯ ಯುವಕ ಸಂಘಗಳು ಬಣ್ಣ ಹಚ್ಚಿ ಆಡಿ, ಸಾವಿರಾರು ಜನರ ಮುಂದೆ ಪರೀಕ್ಷೆಗೆ ಒಡ್ಡಿ, ಗೆದ್ದ ಮೇಲೆ ಅದು ತೆರೆಗೆ ಹೋಯಿತು. ಸಾಹುಕಾರನ ಮುಂದೆ ಬಡವನು ತಲೆಯೆತ್ತಿ ನಿಲ್ಲುವ ಕಥೆ ಅದು. ಸಿನಿಮಾದ ಬಂಡವಾಳಗಾರನು ಅದನ್ನು ಕೊಂಡದ್ದು ಬಡವರ ಮೇಲಿನ ಪ್ರೀತಿಯಿಂದಲ್ಲ. ಜನ ಒಪ್ಪಿದ ಕಥೆಯಲ್ಲಿ ಹಣ ತೊಡಗಿಸಿದರೆ ನಷ್ಟದ ಭಯ ಕಡಿಮೆ ಎಂಬ ಲೆಕ್ಕದಿಂದ.

ಹಾಗಾದರೆ ಕಥೆಯ ಕಸುಬು ಎಂದರೇನು? ನಾನು ಪಂಡಿತನಲ್ಲ, ಮೆಟ್ರಿಕ್ ಮುಗಿಸಿ ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಆದರೆ ಮಧ್ಯಾಹ್ನದ ಊಟವಾದ ಮೇಲೆ ನಲವತ್ತು ಹುಡುಗರನ್ನು ನಿದ್ದೆ ಹೋಗದಂತೆ ಕೂಡಿಸುವುದು ಹೇಗೆಂಬುದನ್ನು ಮೇಷ್ಟರ ಕೆಲಸ ಕಲಿಸುತ್ತದೆ. 'ಅಕ್ಬರನು ಪಟ್ಟಕ್ಕೆ ಬಂದನು, ಆಮೇಲೆ ಯುದ್ಧ ಮಾಡಿದನು, ಆಮೇಲೆ ಕಂದಾಯ ಸುಧಾರಿಸಿದನು' ಎಂದರೆ ಹುಡುಗರು ಆಕಳಿಸುತ್ತಾರೆ. 'ಹದಿಮೂರು ವರ್ಷದ ಹುಡುಗ ಪಟ್ಟಕ್ಕೆ ಬಂದ, ಆದುದರಿಂದ ಸುತ್ತಲಿನವರೆಲ್ಲ ಅವನನ್ನು ನುಂಗಲು ನೋಡಿದರು' ಎಂದರೆ ಕಣ್ಣರಳಿಸುತ್ತಾರೆ. 'ಆಮೇಲೆ' ಎಂಬ ಮಾತಿನಿಂದ ಕಟ್ಟಿದ್ದು ವರದಿ. 'ಆದುದರಿಂದ' ಎಂಬ ಮಾತಿನಿಂದ ಕಟ್ಟಿದ್ದು ಕಥೆ.

ಗಿರಣಿಯ ಸಂಗಾತಿಗಳಿಗೆ ಇದನ್ನು ವಿವರಿಸುವುದು ಸುಲಭ. ಬಟ್ಟೆಯಲ್ಲಿ ಹಾಸು ಇದೆ, ಹೊಕ್ಕು ಇದೆ. ಮೊದಲು ಹಾಸು ಬಿಗಿಯಾಗಿರಬೇಕು. ಹಾಸಿನ ಎಳೆಗಳು ಸಡಿಲವಾಗಿದ್ದರೆ ಎಂಥ ಬಣ್ಣದ ಹೊಕ್ಕು ಹಾಕಿದರೂ ಬಟ್ಟೆ ನಿಲ್ಲುವುದಿಲ್ಲ. ಕಥೆಯೆಂದರೆ ಹಾಸು. ಹಾಡು, ಕುಣಿತ, ಹಾಸ್ಯ, ಹೊಡೆದಾಟ ಇವೆಲ್ಲ ಹೊಕ್ಕು. ಹೊಕ್ಕು ಬೇಡವೆಂದು ನಾನು ಹೇಳುವುದಿಲ್ಲ, ಬರಿಯ ಹಾಸನ್ನು ಯಾರು ಉಟ್ಟಾರು? ಆದರೆ ಹಾಸೇ ಇಲ್ಲದೆ ಹೊಕ್ಕು ಹಾಕುವುದು ಯಾವ ಮಗ್ಗದ ಮೇಲೆ?

ಒಂದು ದೊಡ್ಡ ಉದಾಹರಣೆ ಕೊಡುತ್ತೇನೆ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ ಹಿಂದಿ ಚಿತ್ರ 'ಶೋಲೆ'. 1975ರ ಆಗಸ್ಟ್ 15ರಂದು ತೆರೆಗೆ ಬಂತು. ಹೆಸರಾಂತ ನಟರಿದ್ದರು, ಖರ್ಚು ಧಾರಾಳವಾಗಿತ್ತು. ಆದರೂ ಮೊದಲ ದಿನಗಳಲ್ಲಿ ವ್ಯಾಪಾರ ಮಂದವಾಗಿತ್ತು, ಪತ್ರಿಕೆಯವರಲ್ಲಿ ಅನೇಕರು ಮೂಗು ಮುರಿದರು. ಆಮೇಲೆ ನೋಡಿದವರ ಬಾಯಿಮಾತು ಹಬ್ಬಿತು. ಚಿತ್ರದ ಸಂಭಾಷಣೆಯನ್ನೇ ಗ್ರಾಮಫೋನ್ ತಟ್ಟೆಗಳಲ್ಲಿ ಮಾರುವಷ್ಟು ಜನ ಅದನ್ನು ಬಾಯಿಪಾಠ ಮಾಡಿದರು. ಬೊಂಬಾಯಿಯ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷಕ್ಕೂ ಮೇಲೆ ಅದು ಓಡಿತು.

ಅದರ ಹಾಸನ್ನು ಬಿಚ್ಚಿ ನೋಡಿ. ಪೊಲೀಸ್ ಅಧಿಕಾರಿಯಾಗಿದ್ದ ಠಾಕೂರ್ ದರೋಡೆಕೋರ ಗಬ್ಬರ್‌ನನ್ನು ಹಿಡಿದು ಜೈಲಿಗೆ ಕಳಿಸುತ್ತಾನೆ. ಆದುದರಿಂದ ಗಬ್ಬರ್ ತಪ್ಪಿಸಿಕೊಂಡು ಬಂದು ಠಾಕೂರ್‌ನ ಮನೆಯವರನ್ನು ಕೊಲ್ಲುತ್ತಾನೆ. ಆದುದರಿಂದ ಠಾಕೂರ್ ಒಬ್ಬನೇ ಅವನ ಮೇಲೆ ನುಗ್ಗುತ್ತಾನೆ, ಸಿಕ್ಕಿಬಿದ್ದು ಎರಡೂ ಕೈಗಳನ್ನು ಕಳೆದುಕೊಳ್ಳುತ್ತಾನೆ. ಆದುದರಿಂದ ಅವನಿಗೆ ಬೇರೆಯವರ ಕೈಗಳು ಬೇಕಾಗುತ್ತವೆ. ಆದುದರಿಂದ, ಹಿಂದೆ ರೈಲಿನಲ್ಲಿ ತನ್ನ ಪ್ರಾಣ ಉಳಿಸಿದ್ದ ಇಬ್ಬರು ಪುಡಿಗಳ್ಳರನ್ನು ಹುಡುಕಿಸುತ್ತಾನೆ. ಒಂದು ಎಳೆ ಕಿತ್ತರೆ ಇಡೀ ಬಟ್ಟೆ ಬಿಚ್ಚಿಕೊಳ್ಳುತ್ತದೆ. ಅಷ್ಟೇ ಅಲ್ಲ, ಕಥೆಗಾರರು ಈ ಎಳೆಗಳನ್ನು ನಡೆದ ಕ್ರಮದಲ್ಲಿ ಹೇಳುವುದಿಲ್ಲ. ಠಾಕೂರ್ ಸದಾ ಶಾಲು ಹೊದ್ದೇ ಇರುತ್ತಾನೆ. ಏತಕ್ಕೆ ಎಂಬುದು ಅರ್ಧ ಚಿತ್ರ ಕಳೆದ ಮೇಲೆ, ಶಾಲು ಜಾರಿದಾಗ ತಿಳಿಯುತ್ತದೆ. ಇಬ್ಬರು ಗೆಳೆಯರಲ್ಲಿ ಒಬ್ಬನು ಮಾತುಮಾತಿಗೆ ನಾಣ್ಯ ಚಿಮ್ಮಿ ತೀರ್ಮಾನ ಮಾಡುತ್ತಾನೆ, ನಾವು ನಗುತ್ತೇವೆ. ಅವನು ಸತ್ತ ಮೇಲೆ ಗೆಳೆಯನು ಆ ನಾಣ್ಯವನ್ನು ತಿರುಗಿಸಿ ನೋಡಿದರೆ ಎರಡೂ ಬದಿ ಒಂದೇ. ಅಪಾಯದ ಪಾಲನ್ನು ಸತ್ತವನು ಬೇಕೆಂದೇ ತಾನು ತೆಗೆದುಕೊಂಡಿದ್ದ. ಮೊದಲು ಬಿತ್ತಿದ್ದನ್ನು ಕೊನೆಗೆ ಕೊಯ್ದರು. ಒಂದು ನಾಣ್ಯಕ್ಕೆ ಖರ್ಚು ಎಷ್ಟು? ಏನೂ ಇಲ್ಲ. ಆದರೆ ಅದನ್ನು ಎಲ್ಲಿ ಇಡಬೇಕು, ಎಲ್ಲಿ ತೆಗೆಯಬೇಕು ಎಂದು ತಿಳಿಯುವುದು ಕಸುಬು.

ಇದೇ ನಿರ್ದೇಶಕರು, ಇದೇ ಸಲೀಂ-ಜಾವೇದ್ ಜೋಡಿ, 1980ರಲ್ಲಿ 'ಶಾನ್' ಎಂಬ ಚಿತ್ರ ಮಾಡಿದರು. ಈ ಸಲ ಸಮುದ್ರದ ನಡುವಿನ ದ್ವೀಪ, ಯಂತ್ರಗಳ ಅರಮನೆ, ಕಣ್ಣು ಕುಕ್ಕುವ ಅದ್ದೂರಿ. ಆದರೆ ಶೋಲೆಯ ಗೆಲುವಿನ ಹತ್ತಿರಕ್ಕೂ ಅದು ಹೋಗಲಿಲ್ಲ. ಖಳನ ಸಿಂಹಾಸನ ದೊಡ್ಡದಾಯಿತು, ಆದರೆ ಕೈಯಿಲ್ಲದ ಆ ಮುದುಕನ ನೋವಿನಂಥ ನೋವು ಅದರ ಬುಡದಲ್ಲಿರಲಿಲ್ಲ. ಅಂದರೆ, ಒಮ್ಮೆ ಗೆದ್ದ ಕಥೆಗಾರನ ಹೆಸರೂ ಸಾಲದು. ಪ್ರತಿ ಸಲವೂ ಹಾಸನ್ನು ಹೊಸದಾಗಿ ಬಿಗಿಯಬೇಕು.

ಕನ್ನಡಕ್ಕೆ ಬರೋಣ. 1972ರ 'ಬಂಗಾರದ ಮನುಷ್ಯ'. ಟಿ. ಕೆ. ರಾಮರಾಯರ ಕಾದಂಬರಿಯಿಂದ ಸಿದ್ದಲಿಂಗಯ್ಯನವರು ಮಾಡಿದ ಚಿತ್ರ. ಬೆಂಗಳೂರಿನಲ್ಲಿ ಒಂದೇ ಚಿತ್ರಮಂದಿರದಲ್ಲಿ ವರ್ಷ ದಾಟಿ ಓಡಿತು. ರಾಜಕುಮಾರರ ಹೆಸರಿನಿಂದ ಓಡಿತೆನ್ನುತ್ತೀರಾ? ಆ ಹೊತ್ತಿಗೆ ಅವರು ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ್ದರು. ಹೆಸರು ಎಲ್ಲದರಲ್ಲೂ ಅದೇ, ಆದರೆ ಎಲ್ಲವೂ ಹಾಗೆ ಓಡಲಿಲ್ಲವಲ್ಲ! ಈ ಕಥೆಯಲ್ಲಿ ಒಬ್ಬ ತರುಣನು ಗಂಡನನ್ನು ಕಳೆದುಕೊಂಡ ಅಕ್ಕನ ಸಂಸಾರವನ್ನು ಹೆಗಲ ಮೇಲೆ ಹೊರುತ್ತಾನೆ, ಕಲ್ಲುಬಂಡೆಯ ನೆಲವನ್ನು ಹೊಲ ಮಾಡುತ್ತಾನೆ, ಸೋದರಳಿಯಂದಿರನ್ನು ಓದಿಸುತ್ತಾನೆ. ಕೊನೆಗೆ ತಾನು ಸಾಕಿದ ಹುಡುಗನೇ ಸಂಶಯದ ಮಾತಾಡಿದಾಗ, ಬಾಯಿ ಬಿಟ್ಟರೆ ಮನೆತನದ ಗುಟ್ಟು ರಟ್ಟಾದೀತೆಂದು ಮೌನವಾಗಿ ಊರು ಬಿಟ್ಟು ನಡೆಯುತ್ತಾನೆ. ಸಂಸಾರಕ್ಕಾಗಿ ದುಡಿದು ದುಡಿದು ಕೊನೆಗೆ ಮನೆಯವರಿಂದಲೇ ಮಾತು ಕೇಳಿದ ಅಣ್ಣಂದಿರು ಯಾವ ಓಣಿಯಲ್ಲಿಲ್ಲ? ಅವರೆಲ್ಲ ಆ ಕತ್ತಲೆಯಲ್ಲಿ ಕೂತು ತಮ್ಮ ಕಥೆಯನ್ನು ತಾವೇ ನೋಡಿದರು. ಪಟ್ಟಣ ಬಿಟ್ಟು ಹಳ್ಳಿಗೆ ಬೇಸಾಯಕ್ಕೆ ಮರಳಿದ ತರುಣರೂ ಇದ್ದಾರೆಂದು ಜನ ಹೇಳುತ್ತಾರೆ. ಬೇಸಾಯದ ಮೇಲೆ ಒಂದು ಭಾಷಣ ಮಾಡಿದ್ದರೆ ಎಷ್ಟು ಮಂದಿ ಮರಳುತ್ತಿದ್ದರು?

ಹೆಸರೇ ಬೇಕೆನ್ನುವವರಿಗೆ ಇನ್ನೊಂದು ಉತ್ತರ, 2006ರ ಡಿಸೆಂಬರಿನಲ್ಲಿ ಬಂದ 'ಮುಂಗಾರು ಮಳೆ'. ನಾಯಕ ಆಗಿನ್ನೂ ದೊಡ್ಡ ಹೆಸರಲ್ಲ, ಬಂಡವಾಳ ಸಣ್ಣದು, ಬಿಡುಗಡೆಯಾದಾಗ ಸದ್ದು ಕಡಿಮೆ. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಅದು ವರ್ಷವಿಡೀ ಓಡಿತು. 'ಹಾಡಿನಿಂದ ಓಡಿತು' ಎನ್ನುತ್ತಾರೆ. ಹಾಡು ಚೆನ್ನಾಗಿದ್ದವು, ಅಲ್ಲವೆಂದವರಾರು? ಆದರೆ ಹಾಡನ್ನು ಮನೆಯಲ್ಲಿ ಕೂತೇ ಕೇಳಬಹುದಾಗಿತ್ತಲ್ಲ. ಜನ ಮತ್ತೆ ಮತ್ತೆ ಚಿತ್ರಮಂದಿರಕ್ಕೆ ಹೋದದ್ದು, ಬಾಯಿತುಂಬ ಹರಟುವ ಒಬ್ಬ ಹುಡುಗ ಕೊನೆಯಲ್ಲಿ ತಾನು ಬಯಸಿದ ಹುಡುಗಿಯನ್ನು ತಾನೇ ಬಿಟ್ಟುಕೊಡುವ ಸಂಕಟವನ್ನು ನೋಡಲು. ಹರಟೆಮಲ್ಲನು ಮೌನಿಯಾದನೆಂಬುದೇ ಅದರ ಕೊಯ್ಲು.

2022ರ 'ಕಾಂತಾರ'ವನ್ನಂತೂ ತಾವೆಲ್ಲ ನೋಡಿದ್ದೀರಿ. ಕರಾವಳಿಯ ದೈವಾರಾಧನೆಯ ಕಥೆ. ಮೊದಲು ಕನ್ನಡದಲ್ಲಿ ಮಾತ್ರ ಬಂತು. ಬಾಯಿಮಾತಿನ ಬಲದಿಂದ ಎರಡು ವಾರದಲ್ಲಿ ಹಿಂದಿಗೂ ಹೋಯಿತು. ಹದಿನಾರು ಕೋಟಿಯ ಸುಮಾರಿಗೆ ಮುಗಿದ ಚಿತ್ರ ನಾನೂರು ಕೋಟಿಯ ಸುಮಾರು ಗಳಿಸಿತೆಂದು ಪತ್ರಿಕೆಗಳು ಬರೆದವು. ಉತ್ತರದವರಿಗೆ ತುಳುನಾಡಿನ ದೈವ ಗೊತ್ತಿರಲಿಲ್ಲ, ಕಂಬಳ ಗೊತ್ತಿರಲಿಲ್ಲ. ಆದರೆ ಅಜ್ಜ ಕೊಟ್ಟ ಭೂಮಿಯನ್ನು ಮೊಮ್ಮಗ ತಿರುಗಿ ಕಿತ್ತುಕೊಳ್ಳಲು ಹೊಂಚು ಹಾಕುವುದು ಭಾರತದ ಯಾವ ಹಳ್ಳಿಗೆ ಗೊತ್ತಿಲ್ಲ? ಭೂಮಿಯ ಆ ವ್ಯಾಜ್ಯ ಅದರ ಹಾಸು, ದೈವದ ಕೂಗು ಅದರ ಹೊಕ್ಕು. ಎರಡೂ ಬಿಗಿಯಾಗಿ ಕೂಡಿದಾಗ ಭಾಷೆಯ ಗಡಿಯೂ ನಿಲ್ಲಲಿಲ್ಲ.

ಇಷ್ಟು ಹೇಳಿದ ಮೇಲೆ ಪ್ರಾಮಾಣಿಕವಾಗಿ ಎರಡು ಮಾತು ಒಪ್ಪಬೇಕು. ಕಥೆಯಿಲ್ಲದ ಚಿತ್ರಗಳೂ ಹಣ ಮಾಡುತ್ತವೆ. ನಟನ ಅಭಿಮಾನಿಗಳು ಮೊದಲ ಮೂರು ದಿನ ಚಿತ್ರಮಂದಿರ ತುಂಬಿಸುತ್ತಾರೆ, ಅಷ್ಟರಲ್ಲೇ ಬಂಡವಾಳ ಎತ್ತಿಕೊಂಡು ಹೋಗುವವರಿದ್ದಾರೆ. ಹಾಗೆಯೇ ಒಳ್ಳೆಯ ಕಥೆಯ ಚಿತ್ರ ಸೋಲುವುದೂ ಉಂಟು. ಗುರುದತ್ತರ 'ಕಾಗಜ್ ಕೇ ಫೂಲ್' 1959ರಲ್ಲಿ ನೆಲಕಚ್ಚಿತು, ಅದನ್ನು ಮೆಚ್ಚಿಕೊಂಡವರು ದಶಕಗಳ ನಂತರದವರು. ಕಸುಬು ಗೆಲುವಿನ ಖಾತರಿ ಪತ್ರವಲ್ಲ. ಒಳ್ಳೆಯ ಬೀಜ ಬಿತ್ತಿದ ರೈತನಿಗೂ ಮಳೆ ಕೈಕೊಟ್ಟೀತು. ಹಾಗೆಂದು ಹುಳುಕು ಬೀಜ ಬಿತ್ತುವ ರೈತನುಂಟೇ? ದೊಡ್ಡ ನಟನನ್ನು ಕೊಳ್ಳುವ ಶಕ್ತಿಯಿರುವವನು ಮೂರು ದಿನದ ವ್ಯಾಪಾರ ಮಾಡಿಕೊಳ್ಳಲಿ. ನಮಗೆ ಆ ಶಕ್ತಿಯಿಲ್ಲ. ಕೈಯಲ್ಲಿ ಹಣ ಕಡಿಮೆಯಿದ್ದವನಿಗೆ ಕಥೆಯ ಕಸುಬೇ ಬಂಡವಾಳ.

ನಮ್ಮ ಚಳವಳಿಯವರಿಗೂ ಒಂದು ಮಾತು ಹೇಳಬೇಕಾಗಿದೆ. 'ನಮ್ಮದು ನ್ಯಾಯದ ಪಕ್ಷ, ಆದುದರಿಂದ ನಮ್ಮ ನಾಟಕವನ್ನು ಜನ ನೋಡಲೇಬೇಕು' ಎಂಬ ಹಮ್ಮು ಕೆಲವರಲ್ಲಿದೆ. ಕರಿ ಕೋಟಿನ ಮಾಲೀಕ ಬರುತ್ತಾನೆ, ಅರ್ಧ ಗಂಟೆ ಗದರಿಸುತ್ತಾನೆ. ಹರಕಲಂಗಿಯ ಕಾರ್ಮಿಕ ಬರುತ್ತಾನೆ, ಅರ್ಧ ಗಂಟೆ ಭಾಷಣ ಮಾಡುತ್ತಾನೆ. ಕೊನೆಗೆ ಬಾವುಟ ಏರುತ್ತದೆ. ಅಷ್ಟರಲ್ಲಿ ಹಿಂದಿನ ಸಾಲಿನವರು ಬೀಡಿ ಹಚ್ಚಲು ಎದ್ದು ಹೋಗಿರುತ್ತಾರೆ. ತತ್ತ್ವ ಸತ್ಯವಾಗಿದ್ದರೆ ಸಾಲದು, ಕಥೆಯೂ ಸತ್ಯವೆನಿಸಬೇಕು. 1943ರ ಬಂಗಾಳದ ಕ್ಷಾಮದ ಮೇಲೆ ಬಿಜನ್ ಭಟ್ಟಾಚಾರ್ಯರು ಬರೆದ 'ನವಾನ್ನ' ನಾಟಕವನ್ನು 1944ರಲ್ಲಿ ಭಾರತೀಯ ಜನನಾಟ್ಯ ಸಂಘದವರು ಆಡಿದರು. ಅಲ್ಲಿ ಕ್ಷಾಮದ ಅಂಕಿಅಂಶ ಹೇಳಲಿಲ್ಲ. ಒಂದು ರೈತ ಕುಟುಂಬವನ್ನು ತೋರಿಸಿದರು. ಊರು ಬಿಟ್ಟು ಕಲ್ಕತ್ತೆಯ ಬೀದಿಗೆ ಬಿದ್ದವರ ಕಥೆ ಹೇಳಿದರು. ಪರದೆಯ ವೈಭವವಿರಲಿಲ್ಲ, ಜನ ಅತ್ತರು. ಆ ಸಂಘದ ತಂಡಗಳು ಊರೂರು ತಿರುಗಿ ಕ್ಷಾಮನಿಧಿಗೆ ಹಣ ಕೂಡಿಸಿದವು. ಅವೂ ನಮ್ಮ ಹಾಗೆ ಸಹಾಯಾರ್ಥ ಪ್ರಯೋಗಗಳೇ. ನಮ್ಮ ನಾಡಿನಲ್ಲಿ ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ವನ್ನು ಸಾವಿರಾರು ಸಲ ಆಡಿದರು. ಲಂಚ ಕೆಟ್ಟದ್ದೆಂದು ಯಾರಿಗೆ ಗೊತ್ತಿರಲಿಲ್ಲ? ಗೊತ್ತಿದ್ದ ಮಾತನ್ನೇ ನಗಿಸುತ್ತ ಚುಚ್ಚುವ ಕಥೆ ಮಾಡಿದರೆಂದು ಜನ ದುಡ್ಡು ಕೊಟ್ಟು ಬಂದರು.

ಇನ್ನು, ಕಥೆಯೇ ಸರಕಾದರೆ, ಸರಕು ಮಾಡಿದವನಿಗೆ ಸಿಕ್ಕಿದ್ದೇನು? ಇದು ನಮ್ಮಂಥವರು ಕೇಳಲೇಬೇಕಾದ ಪ್ರಶ್ನೆ. 1938ರಲ್ಲಿ ಅಮೆರಿಕದ ಇಬ್ಬರು ತರುಣರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್, 'ಸೂಪರ್‌ಮ್ಯಾನ್' ಎಂಬ ಚಿತ್ರಕಥೆಯ ನಾಯಕನ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಆ ನಾಯಕನಿಂದ ಕಂಪನಿಗಳು ಗಳಿಸಿದ್ದು ಕೋಟಿಗಟ್ಟಲೆ. ಸೃಷ್ಟಿಸಿದವರು ಬಡತನದಲ್ಲಿ ಮುದುಕರಾದರು. ಸಾರ್ವಜನಿಕರ ಕೂಗೆದ್ದ ಮೇಲೆ 1975ರಲ್ಲಿ ಅವರಿಗೆ ವರ್ಷಾಶನ ಗೊತ್ತಾಯಿತು. ನಮ್ಮಲ್ಲಿ ಸಲೀಂ-ಜಾವೇದರು 1973ರ 'ಜಂಜೀರ್' ಚಿತ್ರದ ಪೋಸ್ಟರುಗಳ ಮೇಲೆ ತಮ್ಮ ಹೆಸರಿಲ್ಲದ್ದನ್ನು ಕಂಡು, ಬಣ್ಣ ಬಳಿಯುವವನೊಬ್ಬನನ್ನು ಗೊತ್ತುಮಾಡಿ ಬೊಂಬಾಯಿಯ ಪೋಸ್ಟರುಗಳ ಮೇಲೆ ತಮ್ಮ ಹೆಸರು ಬರೆಸಿದರು. ನಗೆಯ ಪ್ರಸಂಗವೆಂದು ಇದನ್ನು ಹೇಳುತ್ತಾರೆ. ನನಗೆ ಇದು ಕೂಲಿಯ ಹೋರಾಟವಾಗಿ ಕಾಣುತ್ತದೆ. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿಯಾಗಿ, ಹಾಡು ಬರೆದವರಿಗೂ ರಾಗ ಕಟ್ಟಿದವರಿಗೂ ಗೌರವಧನದ ಪಾಲಿನ ಹಕ್ಕು ಗಟ್ಟಿಯಾಯಿತು. 2023ರಲ್ಲಿ ಹಾಲಿವುಡ್ಡಿನ ಬರಹಗಾರರು ಮೇ 2ರಿಂದ ಸೆಪ್ಟೆಂಬರ್ 27ರವರೆಗೆ, 148 ದಿನ, ಮುಷ್ಕರ ಹೂಡಿದರು. ಸಂಬಳ ಹೆಚ್ಚಬೇಕು, ತಮ್ಮ ಕೆಲಸವನ್ನು ಯಂತ್ರದ ಬುದ್ಧಿಗೆ ಒಪ್ಪಿಸಿ ತಮ್ಮನ್ನು ಹೊರಹಾಕಬಾರದು ಎಂಬುದು ಬೇಡಿಕೆ. ಲೇಖನಿ ನಿಂತೊಡನೆ ದೊಡ್ಡ ದೊಡ್ಡ ಕಂಪನಿಗಳ ಎಷ್ಟೋ ಕೆಲಸ ನಿಂತಿತು. ಕ್ಯಾಮರಾ ಇತ್ತು, ದೀಪವಿತ್ತು, ಹೇಳಲು ಕಥೆಯಿರಲಿಲ್ಲ. ಮಗ್ಗ ನಿಂತರೆ ಗಿರಣಿಗೆ ಬೆಲೆಯಿಲ್ಲವೆಂಬುದು ತಮಗೆ ಹೊಸ ಪಾಠವೇನೂ ಅಲ್ಲ.

ಈಗ ನಮ್ಮ ನಾಟಕಕ್ಕೆ ಬರುತ್ತೇನೆ. ನನ್ನ ಸೂಚನೆಗಳು ಐದು.

ಒಂದನೆಯದು, ಅಂದಾಜು ಪಟ್ಟಿಯಲ್ಲಿ ಕೊನೆಯ ಸಾಲನ್ನು ಮೊದಲಿಗೆ ತನ್ನಿ. ಕಥೆ ಗೊತ್ತಾಗುವವರೆಗೆ ಸೀನರಿಗೂ ನಟಿಯರಿಗೂ ಮುಂಗಡ ಕೊಡಬೇಡಿ. ಕಥೆ ಒಂದೇ ಮನೆಯ ಪಡಸಾಲೆಯಲ್ಲಿ ನಡೆಯುವುದಾದರೆ ಅರಮನೆಯ ಪರದೆಗೆ ಬಾಡಿಗೆ ಏತಕ್ಕೆ?

ಎರಡನೆಯದು, ಬರೆಯುವವರು ನಮ್ಮವರೇ ಆಗಲಿ, ಹೊರಗಿನವರಾಗಲಿ, ಅವರಿಗೆ ಸಂಭಾವನೆ ಕೊಡಿ, ಕರಪತ್ರದಲ್ಲಿ ಅವರ ಹೆಸರು ಹಾಕಿ. ಅಚ್ಚಾದ ನಾಟಕವನ್ನು ಆಡುವುದಾದರೆ ಬರೆದವರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆದು ಗೌರವಧನ ಕಳಿಸಿ. ಕೂಲಿಗಾಗಿ ಹೋರಾಡುವ ಸಂಘ ಇನ್ನೊಬ್ಬರ ಕೂಲಿ ತಿನ್ನಬಾರದು.

ಮೂರನೆಯದು, ಬರೆದದ್ದನ್ನು ತಾಲೀಮಿಗೆ ಮುಂಚೆ ಮೂರು ಕಡೆ ಗಟ್ಟಿಯಾಗಿ ಓದಿಸಿ. ಪಾಳಿ ಮುಗಿಸಿ ಬಂದವರ ಮುಂದೆ ಒಮ್ಮೆ, ಓಣಿಯ ಹೆಂಗಸರ ಮುಂದೆ ಒಮ್ಮೆ, ಅಂಗಡಿ ಮುಚ್ಚಿದ ಮೇಲೆ ವರ್ತಕರ ಮುಂದೆ ಒಮ್ಮೆ. 'ಚೆನ್ನಾಗಿದೆಯೇ?' ಎಂದು ಕೇಳಬೇಡಿ, ಮುಲಾಜಿಗೆ ಎಲ್ಲರೂ ಹೌದೆನ್ನುತ್ತಾರೆ. ಎಲ್ಲಿ ಕೆಮ್ಮಿದರು, ಎಲ್ಲಿ ಮಗುವನ್ನು ಎತ್ತಿಕೊಂಡು ಹೊರಗೆ ಹೋದರು, ಎಲ್ಲಿ ಮೊಬೈಲು ತೆಗೆದು ನೋಡಿದರು ಎಂದು ಗುರುತು ಹಾಕಿಕೊಳ್ಳಿ. ಅಲ್ಲಿ ಹಾಸು ಸಡಿಲವಾಗಿದೆ. ಮರುದಿನ ಅವರಲ್ಲೊಬ್ಬರಿಗೆ 'ಕಥೆ ಹೇಳಿರಿ' ಎನ್ನಿ. ತಡವರಿಸದೆ ಹೇಳಿದರೆ ಟಿಕೀಟು ಮಾರಾಟವಾದಂತೆಯೇ.

ನಾಲ್ಕನೆಯದು, ಮಾಲೀಕನ ಪಾತ್ರವನ್ನು ಮೂರ್ಖನನ್ನಾಗಿ ಮಾಡಬೇಡಿ. ಅವನಿಗೂ ಅವನದೇ ಲೆಕ್ಕವಿರಲಿ, ಹೆದರಿಕೆಯಿರಲಿ, ಮಗಳ ಮದುವೆಯ ಚಿಂತೆಯಿರಲಿ. ದುರ್ಬಲ ಎದುರಾಳಿಯನ್ನು ಗೆದ್ದವನ ಕಥೆಯನ್ನು ಯಾರೂ ಕೇಳುವುದಿಲ್ಲ. ನಮ್ಮವನಲ್ಲೂ ದೋಷವಿರಲಿ. ಸಂಘದ ಚಂದಾ ಕೊಡಲು ಹಿಂದೆ ಮುಂದೆ ನೋಡುವವನು, ಮನೆಯಲ್ಲಿ ಕೋಪ ತೋರಿಸುವವನು ಆಗಿರಲಿ. ಆಗ ನೋಡುವವರು ಇವನು ನಮ್ಮ ಓಣಿಯವನೇ ಎನ್ನುತ್ತಾರೆ.

ಐದನೆಯದು, ಒಂದೇ ರಾತ್ರಿಯ ಆಟವೆಂದು ಗೊತ್ತುಮಾಡಬೇಡಿ, ಎರಡು ರಾತ್ರಿ ಇಡಿ. ಮೊದಲ ರಾತ್ರಿಯ ಟಿಕೀಟುಗಳನ್ನು ಸಂಘದ ಮುಲಾಜಿಗೆ ಕೊಳ್ಳುತ್ತಾರೆ. ವರ್ತಕ ಮಿತ್ರರು ಜಾಹೀರಾತು ಕೊಡುವುದೂ ಆ ವಿಶ್ವಾಸದಿಂದಲೇ. ಎರಡನೆಯ ರಾತ್ರಿಯ ಟಿಕೀಟು ಮಾತ್ರ ಕಥೆಯಿಂದಲೇ ಮಾರಾಟವಾಗಬೇಕು. ಮೊದಲ ರಾತ್ರಿಯ ಹಣ ಖರ್ಚಿಗೆ ಸರಿಹೋದೀತು, ನಿಧಿಗೆ ಸೇರುವುದು ಎರಡನೆಯ ರಾತ್ರಿಯ ಹಣ. ಮುಲಾಜು ಉದ್ರಿಯ ವ್ಯವಹಾರ, ಒಂದು ಸಲ ನಡೆಯುತ್ತದೆ. ಕಥೆ ರೋಖು ವ್ಯವಹಾರ.

ಮಿತ್ರರೇ, ಆಸ್ಪತ್ರೆಯ ಚೀಟಿ ಹಿಡಿದು ಸಂಘದ ಕಚೇರಿಯ ಮೆಟ್ಟಿಲು ಹತ್ತುವವರು ಮುಂದಿನ ವರ್ಷವೂ ಇದ್ದೇ ಇರುತ್ತಾರೆ. ಅವರಿಗೆ ಕೊಡಲು ಪೆಟ್ಟಿಗೆಯಲ್ಲಿ ಎಷ್ಟಿರುತ್ತದೆ ಎಂಬುದು ಈ ಸಭೆ ಯಾವ ಕಥೆಯನ್ನು ಆರಿಸುತ್ತದೆ, ಅದನ್ನು ಎಷ್ಟು ಶ್ರದ್ಧೆಯಿಂದ ಹೆಣೆಯುತ್ತದೆ ಎಂಬುದರ ಮೇಲೆ ನಿಂತಿದೆ. ಆದುದರಿಂದ ಕಾರ್ಯಕಾರಿ ಸಮಿತಿಯವರು ಇಂದು ಸೀನರಿಯ ಗುತ್ತಿಗೆಯ ಗೊತ್ತುವಳಿಯನ್ನು ಮುಂದಕ್ಕೆ ಹಾಕಿ, ಮೊದಲು ಕಥೆಯ ಆಯ್ಕೆಗೆ ಒಂದು ಉಪಸಮಿತಿಯನ್ನು ನೇಮಿಸಬೇಕೆಂದು, ಅದರಲ್ಲಿ ಇಬ್ಬರಾದರೂ ಹೆಣ್ಣುಮಕ್ಕಳಿರಬೇಕೆಂದು ಸೂಚಿಸಿ, ನನ್ನ ಮಾತು ಮುಗಿಸುತ್ತೇನೆ.